ಪತ್ರಕರ್ತೆಯಾಗಲು ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕು?

ಹನ್ನೆರಡನೇ ತರಗತಿಯ ರಿಸಲ್ಟ್ ಬಂದ ಸಂಜೆ ಡೊಂಬಿವಲಿಯಿಂದ ತಂಗಿಯ ಫೋನು. ಮಗಳಿಗೆ ಕಾಮರ್ಸ್‌ನಲ್ಲಿ ಶೇ. 78 ಬಂದಿದೆ ಎಂದಳು, ಆದರೆ ದನಿಯಲ್ಲಿ ಪೇಡೆ ಹಂಚುವ ಉಮೇದು ಇರಲಿಲ್ಲ. “ಅಣ್ಣಾ, ಇವಳಿಗೆ ಸಿಎ ಬೇಡವಂತೆ, ಬಿಕಾಂ ಬೇಡವಂತೆ. ಬಿಎಂಎಂ ಮಾಡಿ ನಿನ್ನ ಹಾಗೆ ಪೇಪರಿಗೆ ಸೇರ್ತಾಳಂತೆ. ನೀನೇನಾದ್ರೂ ತಲೆಗೆ ತುಂಬಿಸಿದ್ದೀಯಾ?” ಹಿಂದಿನಿಂದ ಭಾವನ ದನಿಯೂ ಕೇಳಿಸಿತು: “ಟೀವಿಯಲ್ಲಿ ಬೊಬ್ಬೆ ಹಾಕ್ಲಿಕ್ಕೆ ಕಾಲೇಜು ಯಾಕೆ ಮಾರಾಯ್ರೆ?”

ಭಾವ ಥಾಣೆಯ ಹೋಟೆಲೊಂದರ ಗಲ್ಲಾದಲ್ಲಿ ಕೂತು 25 ವರ್ಷ ಕಳೆದವರು. ಅವರ ತಲೆಯ ಮೇಲೆ ದಿನವಿಡೀ ಒಂದು ನ್ಯೂಸ್ ಚಾನೆಲ್ ಉರಿಯುತ್ತಿರುತ್ತದೆ. ಪ್ರಶ್ನೆಯಲ್ಲಿ ತಪ್ಪಿಲ್ಲ. ನಾನೂ ಹುಡುಗಿಯ ತಲೆಗೆ ಏನನ್ನೂ ತುಂಬಿಸಿರಲಿಲ್ಲ. ನನ್ನ ಬದುಕು ನೋಡಿ ಯಾರಾದರೂ ಈ ಕಸುಬಿಗೆ ಬರುತ್ತೇನೆ ಎಂದರೆ ಮೊದಲು ನಗುವವನು ನಾನೇ. ಕಾರ್ಕಳದ ಕಡೆಯಿಂದ ಬಂದು, ಹಗಲು ಫೋರ್ಟಿನ ಹೋಟೆಲಿನಲ್ಲಿ ಗ್ಲಾಸು ತೊಳೆದು, ರಾತ್ರಿ ಕನ್ನಡ ನೈಟ್ ಸ್ಕೂಲಿನಲ್ಲಿ ಓದಿದ ಸಾವಿರಾರು ಹುಡುಗರಲ್ಲಿ ನಾನೊಬ್ಬ. ಪತ್ರಿಕೋದ್ಯಮ ಕಲಿಸಲಿಕ್ಕೂ ಕಾಲೇಜಿದೆ ಎಂದು ನನಗೆ ಗೊತ್ತಾದದ್ದು ಎರಡು ವರ್ಷ ಪ್ರೂಫ್ ತಿದ್ದಿದ ಮೇಲೆ.

ಭಾನುವಾರ ಹುಡುಗಿಯೇ ಬಂದಳು. ಮೊಬೈಲಿನಲ್ಲಿ 12 ಕಾಲೇಜುಗಳ ಪಟ್ಟಿ. ಯಾವುದೋ ರ‍್ಯಾಂಕಿಂಗ್ ನೋಡಿ ಒಂದರ ಕೆಳಗೊಂದು ಜೋಡಿಸಿದ್ದು. ಪಕ್ಕದಲ್ಲಿ ಫೀಸು, ಕಟಾಫ್, ಸ್ಟುಡಿಯೋ ಇದೆಯೇ ಇಲ್ಲವೇ ಎಂಬ ಟಿಕ್ ಗುರುತು. “ಮಾಮ, ಇದರಲ್ಲಿ ಯಾವುದು ಒಳ್ಳೇದು?” ನಾನು ಒಂದು ಹಾಳೆ ಕೊಟ್ಟು, ಮೊದಲು ಇವನ್ನೆಲ್ಲ ಸ್ಟೇಷನ್ ಪ್ರಕಾರ ಬರೆ ಎಂದೆ. ಅವಳು ನಕ್ಕಳು.

ನಗುವ ವಿಷಯವಲ್ಲ. ಡೊಂಬಿವಲಿಯಿಂದ ವಿಟಿಗೆ ಸುಮಾರು 48 ಕಿ.ಮೀ. ಫಾಸ್ಟ್ ಲೋಕಲ್ ಸಿಕ್ಕರೂ ಒಂದು ಗಂಟೆಯ ಮೇಲೆ. ಅದೇ ಕಾಲೇಜು ವಿಲೇಪಾರ್ಲೆಯಲ್ಲಿದ್ದರೆ ದಾದರ್‌ನಲ್ಲಿ ಇಳಿದು, ಬ್ರಿಜ್ಜಿನ ಮೇಲೆ ಜನರ ನಡುವೆ ನುಸುಳಿ, ವೆಸ್ಟರ್ನ್ ಲೈನ್ ಹಿಡಿಯಬೇಕು. ಈ ಕೋರ್ಸುಗಳು ಬಹುಪಾಲು ಸೆಲ್ಫ್ ಫೈನಾನ್ಸ್; ಕಾಲೇಜಿನ ಖಾಯಂ ಬಿಎ, ಬಿಕಾಂ ತರಗತಿಗಳಿಗೆ ಕೋಣೆ ಬಿಟ್ಟುಕೊಟ್ಟು ಉಳಿದ ಹೊತ್ತಿನಲ್ಲಿ ನಡೆಯುತ್ತವೆ, ಎಷ್ಟೋ ಕಡೆ ಬೆಳ್ಳಂಬೆಳಿಗ್ಗೆ. ಏಳೂವರೆಯ ಲೆಕ್ಚರ್ ಎಂದರೆ ಐದೂಮುಕ್ಕಾಲರ ರೈಲು. ಮೂರು ವರ್ಷ ಹೀಗೆ ಓಡಾಡಿದ ಮೇಲೆ ಸಂಜೆಯ ಹೊತ್ತು ವರದಿಗೆ ಹೋಗಲು, ನಾಟಕ ನೋಡಲು, ಕೋರ್ಟಿನಲ್ಲಿ ಸುಮ್ಮನೆ ಕೂರಲು ಕಾಲಲ್ಲಿ ಕಸುವು ಉಳಿದಿರುತ್ತದೆಯೇ? ಕಾಲೇಜಿನ ಕ್ಲರ್ಕ್ ಕೊಡುವ ರೈಲ್ವೇ ಕನ್ಸೆಷನ್ ಫಾರ್ಮಿನಲ್ಲಿ ಎರಡು ಹೆಸರಿರುತ್ತವೆ, ಮನೆಯ ಸ್ಟೇಷನ್ ಮತ್ತು ಕಾಲೇಜಿನ ಸ್ಟೇಷನ್. ನನ್ನ ಪ್ರಕಾರ ರ‍್ಯಾಂಕಿಂಗಿಗಿಂತ ಆ ಎರಡು ಹೆಸರು ಹೆಚ್ಚು ನಿಜ ಹೇಳುತ್ತವೆ.

ಎಲ್ಲರ ಬಾಯಲ್ಲಿ ಉಳಿದಿರುವ ಬಿಎಂಎಂ ಈಗ ಆ ಹೆಸರಿನದಲ್ಲ. ಮುಂಬಯಿ ವಿಶ್ವವಿದ್ಯಾಲಯ 2000ದ ಸುಮಾರಿಗೆ ಬ್ಯಾಚುಲರ್ ಆಫ್ ಮಾಸ್ ಮೀಡಿಯಾ ಎಂದು ಶುರುಮಾಡಿದ್ದನ್ನು 2019ರಲ್ಲಿ ಬಿಎ ಇನ್ ಮಲ್ಟಿಮೀಡಿಯಾ ಅಂಡ್ ಮಾಸ್ ಕಮ್ಯುನಿಕೇಷನ್ ಎಂದು ಬದಲಿಸಿತು. ಫಾರ್ಮಿನ ಮೇಲೆ ಬಿಎಎಂಎಂಸಿ. ಹೇಳಲು ನಾಲಿಗೆ ಹೊರಳದ್ದಕ್ಕೋ ಏನೋ ಜನ ಹಳೆಯದನ್ನೇ ಹಿಡಿದಿದ್ದಾರೆ. ಮೊದಲೆರಡು ವರ್ಷ ಎಲ್ಲರಿಗೂ ಒಂದೇ ಪಾಠ. ಮೂರನೇ ವರ್ಷಕ್ಕೆ ಹಾದಿ ಕವಲೊಡೆಯುತ್ತದೆ: ಒಂದು ಜಾಹೀರಾತು, ಇನ್ನೊಂದು ಪತ್ರಿಕೋದ್ಯಮ. ಸಂಬಳ ಜಾಹೀರಾತಿನ ಕಡೆಗಿದೆ ಎಂದು ಹುಡುಗರಿಗೆ ಗೊತ್ತು, ಹಾಗಾಗಿ ಹಿಂಡು ಅತ್ತ ವಾಲುತ್ತದೆ. ಪತ್ರಿಕೋದ್ಯಮಕ್ಕೆ ಬೆರಳೆಣಿಕೆಯವರು ಉಳಿದರೆ ಕೆಲವು ಸಣ್ಣ ಕಾಲೇಜುಗಳು ಆ ವರ್ಷ ಆ ವಿಭಾಗವನ್ನೇ ನಡೆಸುವುದಿಲ್ಲ. ಪತ್ರಕರ್ತೆಯಾಗಲು ಸೇರಿದವಳು ಕೊನೆಗೆ ಸಾಬೂನಿನ ಜಾಹೀರಾತು ಬರೆಯುವುದು ಕಲಿತು ಹೊರಬರುತ್ತಾಳೆ. ಹೊಸ ಶಿಕ್ಷಣ ನೀತಿ ಬಂದ ಮೇಲೆ ಈ ಚೌಕಟ್ಟೂ ಅಲುಗಾಡುತ್ತಿದೆ, ಸರಿ. ಆದರೂ ಕಾಲೇಜಿನ ಕಿಟಕಿಯಲ್ಲಿ ಕೇಳಬೇಕಾದ ಮೊದಲ ಮಾತು ಸ್ಟುಡಿಯೋ ಇದೆಯೇ ಎಂಬುದಲ್ಲ. ಕಳೆದ ವರ್ಷ ನಿಮ್ಮಲ್ಲಿ ಜರ್ನಲಿಸಂ ಬ್ಯಾಚ್ ನಡೆದಿತ್ತೇ, ಎಷ್ಟು ಮಂದಿ ಇದ್ದರು ಎಂಬುದು.

ಎರಡನೇ ಮಾತು: ಕಲಿಸುವವರು ಯಾರು? ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲೆಲ್ಲ ಪಠ್ಯಕ್ರಮ ಒಂದೇ, ಕೊನೆಗೆ ಸಿಗುವ ಕಾಗದವೂ ಒಂದೇ. ಸ್ವಾಯತ್ತ ಕಾಲೇಜುಗಳು ಮಾತ್ರ ಪಠ್ಯವನ್ನು ತಾವೇ ರೂಪಿಸಿಕೊಳ್ಳುತ್ತವೆ. ಸೇಂಟ್ ಝೇವಿಯರ್ಸ್‌ಗೆ ಆ ಸ್ವಾಯತ್ತತೆ 2010ರಲ್ಲೇ ಸಿಕ್ಕಿತು, ಆಮೇಲೆ ಹಲವಕ್ಕೆ. ಚರ್ಚ್‌ಗೇಟಿನ ಕೆ.ಸಿ. ಕಾಲೇಜು ಈಗ ಮುಂಬಯಿ ವಿಶ್ವವಿದ್ಯಾಲಯದಲ್ಲೇ ಇಲ್ಲ, ಎಚ್‌ಎಸ್‌ಎನ್‌ಸಿ ವಿಶ್ವವಿದ್ಯಾಲಯದ ಭಾಗ. ಹೀಗಿರುವಾಗ ಕಾಲೇಜಿಗೂ ಕಾಲೇಜಿಗೂ ನಿಜವಾದ ವ್ಯತ್ಯಾಸ ಹುಟ್ಟುವುದು ಹೊರಗಿನಿಂದ ಪಾಠಕ್ಕೆ ಬರುವವರಿಂದ. ಪತ್ರಿಕೆಯ ಡೆಸ್ಕ್ ಕಣ್ಣು ಬಿಡುವುದೇ ಮಧ್ಯಾಹ್ನದ ಮೇಲೆ. ಬೆಳಗಿನ ಹೊತ್ತು ಎರಡು ಪೀರಿಯಡ್ ತೆಗೆದುಕೊಂಡು ಅಲ್ಲಿಂದಲೇ ಆಫೀಸಿಗೆ ಹೋಗುವ ವರದಿಗಾರರು, ಉಪಸಂಪಾದಕರು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ. ಅವರು ನಿನ್ನೆ ರಾತ್ರಿ ಬಿದ್ದ ಪುಟವನ್ನು ಕೈಯಲ್ಲಿ ಹಿಡಿದು ತರಗತಿಗೆ ಬರುತ್ತಾರೆ. ಅಂಥವರು ಯಾವ ಕಾಲೇಜಿಗೆ ಬರುತ್ತಾರೋ ಅದು ಒಳ್ಳೆಯ ಕಾಲೇಜು. ಪ್ರಾಸ್ಪೆಕ್ಟಸ್‌ನಲ್ಲಿ ಅವರ ಹೆಸರು ದೊಡ್ಡದಾಗಿ ಇರುವುದಿಲ್ಲ. ಕ್ಯಾಂಟೀನಿನಲ್ಲಿ ಮೂರನೇ ವರ್ಷದ ಹುಡುಗರನ್ನು ಕೇಳಬೇಕು.

ಹುಡುಗಿಯ ಪಟ್ಟಿಯಲ್ಲಿ ‘ಝೇವಿಯರ್ಸ್’ ಎಂದು ಒಂದೇ ಹೆಸರಿತ್ತು. ಅಲ್ಲಿರುವುದು ಎರಡು. ಪಿಯು ಮುಗಿಸಿದವರಿಗೆ ಕಾಲೇಜಿನ ಡಿಗ್ರಿ ಕೋರ್ಸ್ ಒಂದು. ಅದೇ ಆವರಣದಲ್ಲಿ 1969ರಲ್ಲಿ ಶುರುವಾದ ಝೇವಿಯರ್ ಇನ್‌ಸ್ಟಿಟ್ಯೂಟ್ ಆಫ್ ಕಮ್ಯುನಿಕೇಷನ್ಸ್ ಇನ್ನೊಂದು. ಆ ಎರಡನೆಯದರ ಜರ್ನಲಿಸಂ ಡಿಪ್ಲೊಮಾ ಪದವಿ ಮುಗಿಸಿದವರಿಗೆ. ಬ್ರೀಚ್ ಕ್ಯಾಂಡಿ ಹತ್ತಿರದ ಸೋಫಿಯಾ ಪಾಲಿಟೆಕ್ನಿಕ್‌ನ ಸೋಷಿಯಲ್ ಕಮ್ಯುನಿಕೇಷನ್ಸ್ ಮೀಡಿಯಾ ಕೋರ್ಸ್ ಕೂಡ ಪದವೀಧರ ಹೆಣ್ಣುಮಕ್ಕಳಿಗಾಗಿ ಇರುವಂಥದು. ಹಳ್ಳಿಗಳ ವರದಿಗೆ ಹೆಸರಾದ ಪಿ. ಸಾಯಿನಾಥ್ ಅಲ್ಲಿ ವರ್ಷಗಟ್ಟಲೆ ಪಾಠ ಮಾಡಿದ್ದಾರೆ. ಚೌಪಾಟಿಯ ಭಾರತೀಯ ವಿದ್ಯಾಭವನದಲ್ಲಿ ಸಂಜೆಯ ತರಗತಿಗಳು. ಕೆಲಸ ಮಾಡಿಕೊಂಡು ಓದಿದ ನಮ್ಮವರು ಎಷ್ಟೋ ಮಂದಿ ಆ ಮೆಟ್ಟಿಲು ಹತ್ತಿದ್ದಾರೆ. ದೇವನಾರ್‌ನ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್‌ನಲ್ಲಿ ಸಾಕ್ಷ್ಯಚಿತ್ರದ ಕಡೆ ಒಲವಿರುವವರಿಗೆ ಎಂಎ ಇದೆ. ಇವೆಲ್ಲ ಡಿಗ್ರಿಯ ನಂತರದ ಮಾತು. “ಅಂದ್ರೆ ಈಗ ಬೇರೆ ಏನಾದ್ರೂ ಓದಿ ಆಮೇಲೆ ಜರ್ನಲಿಸಂ ಮಾಡ್ಬಹುದಾ ಮಾಮ?” ಎಂದಳು. ಮಾಡಬಹುದು. ಎಕನಾಮಿಕ್ಸ್‌ನಲ್ಲೋ ರಾಜ್ಯಶಾಸ್ತ್ರದಲ್ಲೋ ಬಿಎ ಮಾಡಿದವಳಿಗೆ ಬಜೆಟ್ ಓದಲು ಬರುತ್ತದೆ, ಅನುದಾನಿತ ಬಿಎಗೆ ಫೀಸೂ ಎಷ್ಟೋ ಪಟ್ಟು ಕಡಿಮೆ. ನಿಜ ಹೇಳಬೇಕೆಂದರೆ ನನ್ನ ಒಲವು ಆ ಕಡೆಗೇ. ಆದರೆ 18ರ ಹುಡುಗಿಗೆ ಮೂರು ವರ್ಷ ಕಾಯಿ ಎಂದು ಹೇಳುವುದು ಸುಲಭವಲ್ಲ.

ಮುಂದಿನ ಶನಿವಾರ ಅವಳನ್ನು ವಿಟಿಗೆ ಬರಹೇಳಿದೆ. ಹೆಸರು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಆಗಿ ವರ್ಷಗಳಾದರೂ ನನ್ನ ಕಾಲದವರ ಬಾಯಿಗೆ ವಿಟಿಯೇ. ಎದುರಿಗೆ ಟೈಮ್ಸ್ ಆಫ್ ಇಂಡಿಯಾ ಕಟ್ಟಡ. 1838ರ ನವೆಂಬರಿನಲ್ಲಿ ಬಾಂಬೆ ಟೈಮ್ಸ್ ಎಂದು ಹುಟ್ಟಿದ ಪತ್ರಿಕೆ. 2008ರ ನವೆಂಬರ್ 26ರ ರಾತ್ರಿ ಆ ಕಟ್ಟಡದೊಳಗಿದ್ದ ಮುಂಬೈ ಮಿರರ್‌ನ ಫೋಟೋ ಎಡಿಟರ್ ಸೆಬಾಸ್ಟಿಯನ್ ಡಿಸೋಜಾ ಗುಂಡಿನ ಸದ್ದು ಕೇಳಿ, ಕ್ಯಾಮೆರಾ ಹಿಡಿದು ರಸ್ತೆ ದಾಟಿ ಸ್ಟೇಷನ್ನಿಗೆ ಓಡಿದರು; ದಾಳಿಕೋರ ಕಸಬ್‌ನ ಆ ಚಿತ್ರ ಹಾಗೆ ಸಿಕ್ಕಿದ್ದು. ಆಫೀಸಿಗೂ ಸುದ್ದಿಗೂ ನಡುವೆ ಒಂದು ರಸ್ತೆ. ಅದೇ ಡಿ.ಎನ್. ರೋಡಿನಲ್ಲಿ ಕ್ರಾಫರ್ಡ್ ಮಾರ್ಕೆಟ್ ಕಡೆಗೆ ಐದು ನಿಮಿಷ ನಡೆದರೆ ಜೆ.ಜೆ. ಕಲಾಶಾಲೆ. ಮೈಸೂರಿನ ಹುಡುಗನೊಬ್ಬ ಅಲ್ಲಿಗೆ ಅರ್ಜಿ ಹಾಕಿದ್ದ. ನಿನ್ನ ಚಿತ್ರಗಳಲ್ಲಿ ನಮ್ಮಲ್ಲಿ ಸೇರುವಷ್ಟು ಪ್ರತಿಭೆ ಇಲ್ಲ ಎಂದು ಉತ್ತರ ಹೋಯಿತು. ಹುಡುಗ ಮಹಾರಾಜ ಕಾಲೇಜಿನಲ್ಲಿ ಬಿಎ ಓದಿದ, ಮುಂಬಯಿಗೆ ಬಂದು ಫ್ರೀ ಪ್ರೆಸ್ ಜರ್ನಲ್ ಸೇರಿದ, ಆಮೇಲೆ ಟೈಮ್ಸ್‌ನಲ್ಲಿ ಕೂತು ಅರ್ಧ ಶತಮಾನ ದಿನಾ ಬೆಳಿಗ್ಗೆ ದೇಶವನ್ನು ನಗಿಸಿದ. ಆರ್.ಕೆ. ಲಕ್ಷ್ಮಣ್ ತಮ್ಮನ್ನು ಬೇಡವೆಂದ ಶಾಲೆಯ ನೆರೆಯಲ್ಲೇ ಅಷ್ಟು ವರ್ಷ ಕೆಲಸ ಮಾಡಿದರು. ಮೆರಿಟ್ ಲಿಸ್ಟಿನಲ್ಲಿ ಹೆಸರಿಲ್ಲ ಎಂದು ಅಳುವ ಮಕ್ಕಳನ್ನು ನಾನು ಈ ರಸ್ತೆಗೆ ಕರೆತರುತ್ತೇನೆ.

ಫ್ರೀ ಪ್ರೆಸ್ ಜರ್ನಲ್‌ನ ಮಾತು ಬಂತು. ಉಡುಪಿಯ ಎಂ.ವಿ. ಕಾಮತ್ ಓದಿದ್ದು ವಿಜ್ಞಾನ. ಐದು ವರ್ಷ ಕೆಮಿಸ್ಟ್ ಆಗಿ ದುಡಿದು 1946ರಲ್ಲಿ ಎಸ್. ಸದಾನಂದರ ಆ ಪತ್ರಿಕೆಗೆ ವರದಿಗಾರರಾಗಿ ಸೇರಿದರು. ಮುಂದೆ ಇಲಸ್ಟ್ರೇಟೆಡ್ ವೀಕ್ಲಿಯ ಸಂಪಾದಕರಾದರು, ಪ್ರಸಾರ ಭಾರತಿಯ ಅಧ್ಯಕ್ಷರಾದರು. ಕೊನೆಗಾಲದಲ್ಲಿ ಮಣಿಪಾಲದ ಪತ್ರಿಕೋದ್ಯಮ ಶಾಲೆಗೆ ಗೌರವ ನಿರ್ದೇಶಕರೂ ಆದರು, ತಾವು ಎಂದೂ ಅಂಥ ಶಾಲೆಯ ಮೆಟ್ಟಿಲು ಹತ್ತದೆ. ಆ ತಲೆಮಾರಿಗೆ ಕಾಲೇಜು ಎಂದರೆ ಪತ್ರಿಕೆಯ ಡೆಸ್ಕ್. ಹಳಬರು ಇದನ್ನು ಹೇಳಿ, ಪತ್ರಿಕೋದ್ಯಮವನ್ನು ಕಾಲೇಜಿನಲ್ಲಿ ಕಲಿಯಲಾಗದು ಎಂದು ಷರಾ ಬರೆದುಬಿಡುತ್ತಾರೆ. ನನಗದು ಒಪ್ಪಿಗೆಯಿಲ್ಲ. ಅಂದಿನ ಡೆಸ್ಕಿನಲ್ಲಿ ಕೂರಿಸಿ ಕಲಿಸಲು ಹಿರಿಯರಿಗೆ ಪುರುಸೊತ್ತಿತ್ತು. ಈಗಿನ ಡೆಸ್ಕಿನಲ್ಲಿ ಮೂವರ ಕೆಲಸ ಒಬ್ಬರ ತಲೆಮೇಲಿದೆ.

ಕೆಲಸದ ಮಾತನ್ನೂ ಮುಚ್ಚಿಡಬಾರದು. 2005ರಲ್ಲಿ ಈ ಊರಿಗೆ ಒಂದೇ ವರ್ಷ ಹಿಂದುಸ್ತಾನ್ ಟೈಮ್ಸ್ ಬಂತು, ಡಿಎನ್‌ಎ ಬಂತು, ಮುಂಬೈ ಮಿರರ್ ಬಂತು. ಬಿಎಂಎಂ ಮುಗಿಸಿದವರನ್ನು ಬಾಗಿಲಲ್ಲೇ ಎತ್ತಿಕೊಂಡು ಹೋದ ಕಾಲ ಅದು. 2019ರಲ್ಲಿ ಡಿಎನ್‌ಎ ಅಚ್ಚು ನಿಲ್ಲಿಸಿತು, 2020ರ ಡಿಸೆಂಬರಿನಲ್ಲಿ ಮಿರರ್ ದಿನಪತ್ರಿಕೆಯಾಗಿ ಉಳಿಯಲಿಲ್ಲ. ಕಾಲೇಜುಗಳ ಸೀಟು ಮಾತ್ರ ಇಳಿಯಲಿಲ್ಲ. ಭಾವನಿಗೆ ಈ ಲೆಕ್ಕ ಫೋನಿನಲ್ಲಿ ಹೇಳಿದೆ. ಗಲ್ಲಾದವರಿಗೆ ಲೆಕ್ಕ ಬೇಗ ಅರ್ಥವಾಗುತ್ತದೆ. “ಹಾಗಾದ್ರೆ ಬೇಡ ಹೇಳಿ ನೀವೇ ಹೇಳಿ ಅವಳಿಗೆ” ಎಂದರು. ಹೇಳಲಿಲ್ಲ.

ಹೇಳದಿರಲು ಕಾರಣ ಅದೇ ಶನಿವಾರ ಸಿಕ್ಕಿತ್ತು. ಮಹಾನಗರ ಪಾಲಿಕೆಯ ಮಗ್ಗುಲಿನಿಂದ ಮೆಟ್ರೋ ಸಿನಿಮಾ ಕಡೆ ಹೋಗುವ ಮಹಾಪಾಲಿಕಾ ಮಾರ್ಗದಲ್ಲಿ ನಾವು ನಡೆದೆವು. ಒಂದು ಬದಿಗೆ ಆಜಾದ್ ಮೈದಾನ, ಮರಾಠಿ ಪತ್ರಕಾರ ಸಂಘ, ಪ್ರೆಸ್ ಕ್ಲಬ್. ಇನ್ನೊಂದು ಬದಿಗೆ ಎಸ್ಪ್ಲನೇಡ್ ಕೋರ್ಟು, ಕಾಮಾ ಆಸ್ಪತ್ರೆ, ಝೇವಿಯರ್ಸ್. ಪಾಲಿಕೆ, ಪೊಲೀಸು, ಕೋರ್ಟು, ಆಸ್ಪತ್ರೆ, ಧರಣಿ: ಒಬ್ಬ ನಗರ ವರದಿಗಾರನ ಬೀಟು ಒಂದು ಕಿಲೋಮೀಟರಿನೊಳಗೆ. ಮುಂಬಯಿಯಲ್ಲಿ ಧರಣಿ ಕೂರುವವರಿಗೆ ಸರ್ಕಾರ ತೋರಿಸುವ ಜಾಗ ಆಜಾದ್ ಮೈದಾನ. ಅಂದು ಅಲ್ಲಿ ನೀಲಿ ತಾಡಪಾಲಿನ ಕೆಳಗೆ ಅಂಗನವಾಡಿಯ ಹೆಂಗಸರು ಕೂತಿದ್ದರು, ಗೌರವಧನದ ವಿಷಯಕ್ಕೆ. ಸ್ಟೀಲಿನ ಡಬ್ಬದಿಂದ ಜೋಳದ ರೊಟ್ಟಿ ತೆಗೆದು ಮುರಿಯುತ್ತ, ಶೇಂಗಾ ಚಟ್ನಿಯ ಪುಡಿಯನ್ನು ಕಾಗದದ ಚೂರಿನಲ್ಲಿ ದಾಟಿಸುತ್ತಿದ್ದರು. ಆ ಚಟ್ನಿ ನೋಡಿ ನಾನು ಹುಡುಗಿಗೆ ಕನ್ನಡದಲ್ಲಿ ಏನೋ ಹೇಳಿದೆ. ಒಬ್ಬಾಕೆ ತಲೆ ಎತ್ತಿದರು: “ನೀವ್ ಕನ್ನಡದವ್ರೇನ್ರಿ?”

ಅಕ್ಕಲಕೋಟದ ಕಡೆಯವರು. ಹೆಸರಿಗೆ ಮಹಾರಾಷ್ಟ್ರ, ಮನೆಯಲ್ಲಿ ಕನ್ನಡ. ಹುಡುಗಿ ಅವರ ಪಕ್ಕ ಕುಕ್ಕುರುಗಾಲಲ್ಲಿ ಕೂತಳು. ಮನೆಯಲ್ಲಿ ತುಳು, ಅಜ್ಜಿಯ ಜೊತೆ ಮಾತ್ರ ಕನ್ನಡ ಆಡಿ ಬೆಳೆದವಳು. ಅವರ ಮಾತು ಇವಳಿಗೆ ಅರ್ಧ ಸಿಗುತ್ತಿತ್ತು, ಇವಳದು ಅವರಿಗೆ ಮುಕ್ಕಾಲು. ಸಿಗದಿದ್ದಲ್ಲಿ ಇಬ್ಬರೂ ಮರಾಠಿಗೆ ಹಾರಿ ಮತ್ತೆ ಕನ್ನಡಕ್ಕೆ ಬರುತ್ತಿದ್ದರು. ಎಷ್ಟು ತಿಂಗಳ ದುಡ್ಡು ಬಾಕಿ, ಊರಿನಲ್ಲಿ ಅಂಗನವಾಡಿಯ ಬೀಗದ ಕೈ ಈಗ ಯಾರ ಹತ್ತಿರ, ಮುಂಬಯಿಗೆ ರಾತ್ರಿ ಯಾವ ಗಾಡಿಯಲ್ಲಿ ಬಂದರು, ಟಿಕೇಟಿಗೆ ದುಡ್ಡು ಹೇಗೆ ಕೂಡಿಸಿದರು. ಹತ್ತಿರದಲ್ಲೇ ಇಬ್ಬರು ಟೀವಿ ವರದಿಗಾರರು ಮುಖಂಡರ ಬೈಟ್ ತೆಗೆದುಕೊಂಡು ಹೋದರು. ಈಕೆಯನ್ನು ಯಾರೂ ಮಾತಾಡಿಸಲಿಲ್ಲ. ನಲವತ್ತು ನಿಮಿಷದ ಮೇಲೆ ಹುಡುಗಿ ಎದ್ದಾಗ ಕಾಲು ಜೋಮು ಹಿಡಿದಿತ್ತು. 12 ಕಾಲೇಜುಗಳ ಆ ಪಟ್ಟಿಯಲ್ಲಿ ಇದಕ್ಕೆ ಟಿಕ್ ಹಾಕಲು ಕಾಲಮ್ಮೇ ಇರಲಿಲ್ಲ.

ಕೋರ್ಸು, ಕಾಲೇಜು ಎಂಬ ಚಟ ನನಗೂ ಒಂದು ಕಾಲಕ್ಕಿತ್ತು. ಎಂಬತ್ತರ ದಶಕದಲ್ಲಿ, ದಾದರ್‌ನಲ್ಲಿ, ಸೀರೆ ಅಂಗಡಿಯ ಮಾಳಿಗೆಯ ಮೇಲೊಂದು ಪತ್ರಿಕೋದ್ಯಮ ಸಂಸ್ಥೆ. ಹೆಸರು ಬೇಡ, ಈಗ ಅದು ಇಲ್ಲವೇ ಇಲ್ಲ. ಆರು ತಿಂಗಳ ಕೋರ್ಸು, ಮೂರು ತಿಂಗಳ ಸಂಬಳದಷ್ಟು ಫೀಸು, ಕೊನೆಗೆ ಪ್ರೆಸ್ ಕಾರ್ಡ್ ಕೊಡುತ್ತೇವೆ ಎಂಬ ಆಮಿಷ. ಪಾಠ ಮಾಡುತ್ತಿದ್ದಾತ ನಾಲ್ಕನೇ ತಿಂಗಳಿಗೆ ಬರುವುದನ್ನು ನಿಲ್ಲಿಸಿದ. ಬಾಗಿಲಿಗೆ ಬೀಗ. ಆದರೂ ಸರ್ಟಿಫಿಕೇಟ್ ಅಂಚೆಯಲ್ಲಿ ಬಂತು, ಚಿನ್ನದ ಬಣ್ಣದ ಅಂಚು. ಟ್ರಂಕಿನಲ್ಲಿ ಇನ್ನೂ ಇದೆ. ಮನೆಗೆ ಬಂದವರಿಗೆ ತೋರಿಸಿ ನಗುತ್ತೇನೆ. ಈಗಲೂ ಊರೆಲ್ಲ ಇಂಥವು ತೆರೆಯುತ್ತಲೇ ಇವೆ. ಮಾಳಿಗೆಯ ಬದಲು ಗಾಜಿನ ಗೋಡೆ, ಹಸಿರು ಪರದೆ, ಆಂಕರ್ ಕುರ್ಚಿ. ಯಾವ ವಿಶ್ವವಿದ್ಯಾಲಯದ ಡಿಗ್ರಿ ಎಂದು ಕೇಳಿದರೆ ಮಾತು ಪ್ಲೇಸ್‌ಮೆಂಟಿಗೆ ಜಾರುತ್ತದೆ.

ಆಮೇಲಿನ ವಾರ ನಾಲ್ಕು ಕಾಲೇಜು ನೋಡಿದೆವು. ಕಾಲೇಜಿನ ಆಫೀಸಿಗೆ ಹೋಗುವ ಮೊದಲು ನಾನು ಅಲ್ಲಿಯ ಲೈಬ್ರರಿಗೆ ಹೋಗುತ್ತಿದ್ದೆ, ಪೇಪರ್ ಸ್ಟ್ಯಾಂಡ್ ನೋಡಲು. ಒಂದು ಕಡೆ ಮಧ್ಯಾಹ್ನ ಎರಡು ಗಂಟೆಗೂ ಮರಾಠಿ ಪತ್ರಿಕೆಗಳ ಮಡಿಕೆ ಬಿಚ್ಚಿರಲಿಲ್ಲ, ಇಸ್ತ್ರಿ ಹಾಕಿದ ಅಂಗಿಯ ಹಾಗೆ. ಇಂಗ್ಲಿಷಿನದು ಒಂದೇ ಒಂದು ಮುದುಡಿತ್ತು, ಅದೂ ಸಿನಿಮಾ ಪುಟದಲ್ಲಿ. ಇನ್ನೊಂದು ಕಡೆ ಎಲ್ಲ ಪತ್ರಿಕೆಗಳೂ ಹರಿದು ಹೋಗುವಂತಿದ್ದವು. ಒಂದರ ಮೇಲೆ ಯಾರೋ ಹೆಡ್‌ಲೈನಿಗೆ ಪೆನ್ಸಿಲಿನಿಂದ ಬೇರೆ ಹೆಡ್‌ಲೈನ್ ಬರೆದಿದ್ದರು. ಮೂಲಕ್ಕಿಂತ ಅದೇ ಚೆನ್ನಾಗಿತ್ತು. ಎರಡನೆಯ ಕಾಲೇಜಿಗೆ ಸ್ಟುಡಿಯೋ ಚಿಕ್ಕದು.

ಮಾಟುಂಗದ ರುಯಿಯಾಗೆ ಹೋದ ದಿನ ಹುಡುಗಿಯ ಮುಖ ಅರಳಿತ್ತು. ಸೆಂಟ್ರಲ್ ಲೈನು, ಒಂದೇ ರೈಲು. ಮಾಟುಂಗದಲ್ಲಿ ಫಾಸ್ಟ್ ನಿಲ್ಲುವುದಿಲ್ಲ ಎಂಬುದೊಂದು ತೊಂದರೆ. ಅಲ್ಲಿ ಈ ಕೋರ್ಸನ್ನು ಮರಾಠಿಯಲ್ಲೂ ಕಲಿಸುತ್ತಾರೆ. ಮುಂಬಯಿಯಲ್ಲಿ ಪಾಲಿಕೆಯ ಸುದ್ದಿ, ಪೊಲೀಸ್ ಸುದ್ದಿ, ಮಂತ್ರಾಲಯದ ಸುದ್ದಿ ಮೊದಲು ಒಡೆಯುವುದು ಮರಾಠಿಯಲ್ಲೇ. ಡೊಂಬಿವಲಿಯಲ್ಲಿ ಬೆಳೆದವಳಿಗೆ ಅದು ಆಟದ ಮೈದಾನದ ಭಾಷೆ, ಬರೆಯಲು ಮಾತ್ರ ಕೈ ನಡುಗುತ್ತದೆ. ಇಂಗ್ಲಿಷ್ ಬ್ಯಾಚಿಗೇ ಸೇರು, ಆದರೆ ಮರಾಠಿ ಬ್ಯಾಚಿನವರ ಜೊತೆ ಚಹಾ ಕುಡಿ ಎಂದೆ. ಊಟಕ್ಕೆ ಸ್ಟೇಷನ್ ಪಕ್ಕದ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ಗೆ ಹೋದೆವು, 1942ರದು. ಬಾಳೆ ಎಲೆಗೆ ಸಾರು ಬೀಳುವ ಹೊತ್ತಿಗೆ ಅವಳು ಎದುರು ಕೂತ ಗುಜರಾತಿ ಅಜ್ಜನ ಹತ್ತಿರ, ನೀವು ಇಲ್ಲಿಗೆ ಯಾವಾಗಿನಿಂದ ಬರುತ್ತೀರಿ ಎಂದು ಕೇಳಿಯಾಗಿತ್ತು. ಕೆಲವು ವಿಷಯ ಕಲಿಸಬೇಕಿಲ್ಲ.

ಆದರೆ ಸೀಟು? ಇಲ್ಲೊಂದು ಸಂಗತಿ ಊರಿನಿಂದ ಬಂದವರಿಗೆ ತಡವಾಗಿ ತಿಳಿಯುತ್ತದೆ. ಅದೇ ಕಾಲೇಜಿನಲ್ಲಿ 11, 12 ಓದಿದ ಇನ್‌ಹೌಸ್ ಮಕ್ಕಳಿಗೆ ಡಿಗ್ರಿ ಪ್ರವೇಶದಲ್ಲಿ ಮೊದಲ ಮಣೆ. ಅಂದರೆ ಜರ್ನಲಿಸಂ ಕಾಲೇಜಿನ ಆಯ್ಕೆ ಎಷ್ಟೋ ಸಲ ಹತ್ತನೇ ತರಗತಿ ಮುಗಿದಾಗಲೇ ಆಗಿಹೋಗಿರುತ್ತದೆ, ಮಗುವಿಗೆ ಜರ್ನಲಿಸಂ ಎಂಬ ಪದ ಗೊತ್ತಾಗುವ ಮೊದಲೇ. ಸೀಟುಗಳು ಆರ್ಟ್ಸ್, ಕಾಮರ್ಸ್, ಸೈನ್ಸ್ ಎಂದು ಹಂಚಿರುತ್ತವೆ, ಆರ್ಟ್ಸ್‌ನವರಿಗೆ ದೊಡ್ಡ ಪಾಲು. ಕಟಾಫ್ ಬೇರೆ ಬೇರೆ. ಅಲ್ಪಸಂಖ್ಯಾತ ಸಂಸ್ಥೆಗಳಲ್ಲಿ ಆಯಾ ಸಮುದಾಯದ ಕೋಟಾ: ಕೆಲವು ಕಡೆ ಸಿಂಧಿ, ಕೆಲವು ಕಡೆ ಗುಜರಾತಿ, ಕ್ರೈಸ್ತ. ಮಹಾರಾಷ್ಟ್ರದಲ್ಲಿ ಕನ್ನಡಿಗರೂ ಭಾಷಾ ಅಲ್ಪಸಂಖ್ಯಾತರೇ. ನಮ್ಮವರು ನಡೆಸುವ ಸಂಸ್ಥೆಗಳಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಆಗ ಸ್ಕೂಲ್ ಲೀವಿಂಗ್ ಸರ್ಟಿಫಿಕೇಟಿನ ‘ಮಾತೃಭಾಷೆ’ ಕಾಲಮ್ಮನ್ನು ಎಲ್ಲರೂ ಮೊದಲ ಸಲ ಕಣ್ಣಿಟ್ಟು ನೋಡುತ್ತಾರೆ. ನಮ್ಮ ಹುಡುಗಿಯದರಲ್ಲಿ ತುಳು ಎಂದಿತ್ತು. ಅವಳ ತಮ್ಮನದರಲ್ಲಿ ಕನ್ನಡ. ಒಂದೇ ತಾಯಿಯ ಮಕ್ಕಳಿಗೆ ಎರಡು ಮಾತೃಭಾಷೆ ಹೇಗೆ ಎಂದು ತಂಗಿಯನ್ನು ಕೇಳಿದರೆ, “ಫಾರ್ಮ್ ತುಂಬಿಸಿದ್ದು ಒಂದು ಸಲ ನಾನು, ಒಂದು ಸಲ ಇವ್ರು” ಎಂದಳು.

ಊರಿಗೇ ಕಳಿಸಿಬಿಡೋಣ ಎಂಬ ಮಾತೂ ನಡುವೆ ಎದ್ದಿತು. ಕಳಿಸಬಾರದೆಂದೇನಿಲ್ಲ. ಡಿಗ್ರಿಗೆ ಪತ್ರಿಕೋದ್ಯಮವನ್ನು ಒಂದು ವಿಷಯವಾಗಿ ಕಲಿಸುವುದನ್ನು ಈ ದೇಶದಲ್ಲಿ ಮೊದಲು ಮಾಡಿ ತೋರಿಸಿದ್ದೇ ಮೈಸೂರಿನ ಮಹಾರಾಜ ಕಾಲೇಜು, 1951ರಲ್ಲಿ, ನಾಡಿಗ ಕೃಷ್ಣಮೂರ್ತಿಯವರ ಮುಂದಾಳತ್ವದಲ್ಲಿ. ಈಗ ಮಣಿಪಾಲವಿದೆ, ಉಜಿರೆಯಿದೆ, ಮೂಡುಬಿದಿರೆಯಿದೆ, ಕೊಣಾಜೆಯಲ್ಲಿ ಎಂಎ ಇದೆ. ಕನ್ನಡದಲ್ಲಿ ಬರೆಯುವ ಆಸೆಯಿದ್ದರೆ ಅದೇ ನೇರ ದಾರಿ. ಹುಡುಗಿ ಒಂದೇ ಮಾತು ಹೇಳಿದಳು: “ನಂಗೆ ಮುಂಬಯಿ ಬಗ್ಗೆ ಬರೀಬೇಕು ಮಾಮ.” ಅಲ್ಲಿಗೆ ಆ ಚರ್ಚೆ ಮುಗಿಯಿತು.

ಮುಂಬಯಿಯಲ್ಲಿ ಕನ್ನಡ ಪತ್ರಿಕೋದ್ಯಮ ಕಲಿಸುವ ಕಾಲೇಜು ನಾನು ಕಂಡಿಲ್ಲ. ಕಲೀನಾದ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ. ಎಂಎ, ಪಿಎಚ್‌ಡಿ, ಪುಸ್ತಕ ಪ್ರಕಟಣೆ ಎಂದು ಗಟ್ಟಿ ಕೆಲಸ ಮಾಡಿದೆ. ಬಿಎಂಎಂ ಪಠ್ಯದಲ್ಲಿ ಪ್ರಾದೇಶಿಕ ಪತ್ರಿಕೋದ್ಯಮ ಎಂಬ ಒಂದು ವಿಷಯವಿತ್ತು. ಅದರಲ್ಲಿ 1822ರ ಗುಜರಾತಿ ಮುಂಬೈ ಸಮಾಚಾರ್, 1832ರ ಮರಾಠಿ ದರ್ಪಣ್ ಬರುತ್ತಿದ್ದವು, 1843ರ ಮಂಗಳೂರ ಸಮಾಚಾರದ ಪಾಲಿಗೆ ಎಷ್ಟು ನಿಮಿಷ ಎಂಬುದು ಮೇಷ್ಟ್ರ ಮರ್ಜಿ. ಹೊಸಗನ್ನಡದ ಹುಟ್ಟಿನ ಕತೆಯನ್ನು, ಪತ್ರಿಕೆಗಳ ಸಮೇತ ಹುಡುಕಿ ತೆಗೆದ ಶ್ರೀನಿವಾಸ ಹಾವನೂರರು ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಗ್ರಂಥಪಾಲಕರಾಗಿದ್ದವರು. ಕರ್ನಾಟಕ ಮಲ್ಲ ದಿನಪತ್ರಿಕೆಯನ್ನು ಹೊರಡಿಸಿದ ಮುರಳೀಧರ ಶಿಂಗೋಟೆ ಕನ್ನಡಿಗರೇ ಅಲ್ಲ, ಪೇಪರ್ ಮಾರುವ ಕಸುಬಿನಿಂದ ಮೇಲೆ ಬಂದು ಮರಾಠಿ, ಹಿಂದಿ, ತಮಿಳಿನಲ್ಲೂ ಪತ್ರಿಕೆ ನಡೆಸಿದ ಮರಾಠಿಗರು. ಸಂಪಾದಕರಾಗಿ ಅದನ್ನು ಕಟ್ಟಿದವರು ಚಂದ್ರಶೇಖರ ಪಾಲೆತ್ತಾಡಿ. ಇಲ್ಲಿ ಕನ್ನಡ ಪತ್ರಿಕೋದ್ಯಮ ಯಾವಾಗಲೂ ಹೀಗೆ, ಕಾಲೇಜಿನ ಹೊರಗೇ ನಡೆದದ್ದು.

ಹಾಗಾದರೆ ನಾವು ಕಲಿತದ್ದೆಲ್ಲಿ? ಸಂಘಗಳಲ್ಲಿ. ಮೊಗವೀರ, ಅಕ್ಷಯ, ಬಂಟರವಾಣಿ, ನೇಸರು, ಗೋಕುಲವಾಣಿ: ಒಂದೊಂದು ಸಂಘಕ್ಕೆ ಒಂದೊಂದು ಮಾಸಪತ್ರಿಕೆ. ಭಾನುವಾರ ವೇದಿಕೆಯ ಮೇಲೆ 22 ಮಂದಿ ಅತಿಥಿಗಳು, ವರದಿಯಲ್ಲಿ 22 ಹೆಸರು, ಯಾರು ದೀಪ ಬೆಳಗಿದರು, ಯಾರು ವಂದಿಸಿದರು. ಇದೂ ಒಂದು ವರದಿಯೇ ಎಂದು ಇಂಗ್ಲಿಷಿನವರು ಮೂಗು ಮುರಿಯಬಹುದು. ಆದರೆ ಒಂದು ಹೆಸರು ಬಿಟ್ಟುನೋಡಿ. ಮರುದಿನ ಬೆಳಿಗ್ಗೆ ಆರಕ್ಕೆ ಮನೆಗೆ ಫೋನು. ಇನಿಷಿಯಲ್ ತಪ್ಪಿದರೆ ಆರೂವರೆಗೆ. ಹೆಸರು, ಊರು, ಇನಿಷಿಯಲ್ ಎರಡೆರಡು ಸಲ ನೋಡುವ ಅಭ್ಯಾಸ ನನಗೆ ಬಂದದ್ದು ಆ ಫೋನುಗಳಿಂದ. ಯಾವ ಸಿಲೆಬಸ್ಸಿನಲ್ಲಿ ಇಂಥ ಪ್ರಾಕ್ಟಿಕಲ್ ಇದೆ?

ಹುಡುಗಿಯ ಹೆಸರು ರುಯಿಯಾದ ಮೊದಲ ಪಟ್ಟಿಯಲ್ಲಿ ಇರಲಿಲ್ಲ. ಎರಡನೆಯದರಲ್ಲಿ ಬಂತು. ಭಾವ ಫೀಸು ಕಟ್ಟಿ, ರಸೀದಿಯ ಫೋಟೋ ನನಗೆ ಕಳಿಸಿದರು. ಕೆಳಗೆ ಏನೂ ಬರೆದಿರಲಿಲ್ಲ.

ಆ ಅಂಗನವಾಡಿಯ ಹೆಂಗಸಿನ ಬಗ್ಗೆ ಅವಳು ಅಷ್ಟರೊಳಗೆ ಇಂಗ್ಲಿಷಿನಲ್ಲಿ 600 ಪದ ಬರೆದಿಟ್ಟಿದ್ದಳು. ಕನ್ನಡದಲ್ಲಿ ಬರೆ ಎಂದೆ. ಮೊಬೈಲಿನಲ್ಲೇ ಕುಟ್ಟಿ ಕಳಿಸಿದಳು, ಒತ್ತಕ್ಷರಗಳೆಲ್ಲ ದಾರಿ ತಪ್ಪಿದ್ದವು. ಮೂರು ಸಲ ತಿದ್ದಿಸಿದೆ. ನನ್ನ ಪರಿಚಯದ ಸಂಘವೊಂದರ ಮಾಸಿಕಕ್ಕೆ ಕೊಟ್ಟೆವು. ಅಲ್ಲಿಯ ಸಾಫ್ಟ್‌ವೇರಿಗೆ ಯೂನಿಕೋಡ್ ಒಗ್ಗದೆ ಅರ್ಕಾವೊತ್ತುಗಳು ಹಾರಿಹೋದವು, ಆದರೂ ಅಚ್ಚಾಯಿತು, ಒಳಪುಟದಲ್ಲಿ, ಷಷ್ಟ್ಯಬ್ದಿಯ ಜಾಹೀರಾತಿನ ಪಕ್ಕ. ಪುಟದ ಫೋಟೋ ತೆಗೆದು ಅವಳು ಆಕೆಯ ನಂಬರಿಗೆ ಕಳಿಸಿದಳಂತೆ.

ಮರುದಿನ ಬೆಳಿಗ್ಗೆ ಆರು ಗಂಟೆಗೆ ತಂಗಿಯ ಫೋನು. “ಅಣ್ಣಾ, ಅಕ್ಕಲಕೋಟದಿಂದ ಯಾರೋ ಇವಳಿಗೆ ಫೋನ್ ಮಾಡಿ ಜೋರು ಮಾಡ್ತಾ ಇದ್ದಾರೆ. ಇವಳು ಊರಿನ ಹೆಸರು ತಪ್ಪು ಬರ್ದಿದ್ದಾಳಂತೆ. ನೀನಾದ್ರೂ ಸ್ವಲ್ಪ ಮಾತಾಡು.”

ಅವಳೇ ಮಾತಾಡಲಿ ಎಂದೆ. ಏನು ಮಾಡುತ್ತಿದ್ದಾಳೆ ಈಗ?

“ಪೆನ್ನು ಹುಡುಕ್ತಾ ಇದ್ದಾಳೆ.”